ಇನ್ನೊಂದು ಗುಂಪು

"ನಿಮ್ಮ ಸ್ಕೋರ್ ಹಾಗೇ ಇದೆ ಆಂಟಿ, ಏರಿಲ್ಲ, ಇಳಿದೂ ಇಲ್ಲ. ನಮಗೆ ಬೇಕಾಗಿರೋದೇ ಅದು" ಎಂದು ಸಂಶೋಧನೆಯ ಹುಡುಗಿ ನಗುನಗುತ್ತ ಹೇಳಿದ ಮಾತು ಹೋದ ವಾರದಿಂದ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಅವಳನ್ನು ಕಾಡುತ್ತಿತ್ತು. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು. ಬೆಳಿಗ್ಗೆ ಲೋಟ ತೊಳೆಯುವಾಗ ಅದೇ, ಗಂಡನ ಮಾತ್ರೆಗಳನ್ನು ಡಬ್ಬಿಯ ಪುಟ್ಟ ಪುಟ್ಟ ಮನೆಗಳಿಗೆ ಹಂಚುವಾಗಲೂ ಅದೇ. ಪಕ್ಕದ ಕೋಣೆಯಲ್ಲಿ ಅವನು ಕೀಬೋರ್ಡಿನ ಮುಂದೆ ಕೂತು ಬಲಗೈಯ ಪಾಠ ನುಡಿಸುತ್ತಿದ್ದ. ತಪ್ಪಿದರೆ ತಾನೇ ಗೊಣಗಿಕೊಂಡು, ಸರಿಹೋದರೆ ತಾನೇ "ಭೇಷ್" ಎಂದುಕೊಳ್ಳುತ್ತಿದ್ದ. ಎಪ್ಪತ್ತು ದಾಟಿದ ಗಂಡಸು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದನ್ನು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು. ಉರಿಯುತ್ತಿದೆ ಎಂದು ಗೊತ್ತಾದ ಕೂಡಲೇ ನಾಚಿಕೆಯೂ ಆಯಿತು. ಕಾಯಿಲೆಯವನ ಔಷಧಿಯನ್ನು ಕಂಡು ಹೊಟ್ಟೆಕಿಚ್ಚು ಪಡುವ ಹೆಂಗಸು ಲೋಕದಲ್ಲಿ ಇನ್ನೊಬ್ಬಳು ಇದ್ದಾಳೆಯೇ? ಡಬ್ಬಿಯ ಮುಚ್ಚಳವನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿದಳು. ಅದು ಚಿಟ್ಟೆಂದು ಮುರಿಯಿತು.

ಊರಿನ ಅರ್ಧಕ್ಕರ್ಧ ಜನ ಅವನನ್ನು ಕ್ಲಚ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲು ನಡೆಸಿದವನು. ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲಡಿಯ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, "ಕ್ಲಚ್ಚು, ಕ್ಲಚ್ಚು, ಕ್ಲಚ್ಚು ಕಣಮ್ಮಾ!" ಎಂದು ಕೂಗಿ ಕೂಗಿ ಗಂಟಲು ದೊರಗಾದವನು. ಅಂಥವನು ಒಂದು ಸಂಜೆ ಬ್ರೆಡ್ ತರಲು ಹೋಗಿ, ಜೀವಮಾನವಿಡೀ ಕಾರು ತಿರುಗಿಸಿದ್ದ ಅದೇ ವೃತ್ತದ ಅಂಚಿನಲ್ಲಿ, ಯಾವ ರಸ್ತೆ ಹಿಡಿಯಬೇಕೆಂದು ತಿಳಿಯದೆ ನಿಂತುಬಿಟ್ಟಿದ್ದ. ಅವನಲ್ಲಿ ಹಿಂದೆ ಗಾಡಿ ಕಲಿತಿದ್ದ ಟ್ರಾಫಿಕ್ ಪೊಲೀಸಿನವನೇ ಕೈಹಿಡಿದು ಮನೆಗೆ ಕರೆತಂದ. "ಮೇಷ್ಟ್ರು ನನ್ನನ್ನೇ ಟೆಸ್ಟ್ ಮಾಡ್ತಿದಾರೆ ಅಂದ್ಕೊಂಡೆ ಆಂಟಿ" ಎಂದು ಅವನು ನಕ್ಕ. ಗಂಡನೂ ನಕ್ಕ. ಬ್ರೆಡ್ಡಿನ ಪೊಟ್ಟಣ ಅವನ ಕಂಕುಳಲ್ಲಿ ಹಿಟ್ಟಿನ ಮುದ್ದೆಯಂತಾಗಿತ್ತು. ಅದನ್ನು ಬಿಡಿಸಿಕೊಳ್ಳಲು ಹೋದರೆ ಮಾತ್ರ ಅವನು ಸುಲಭಕ್ಕೆ ಬಿಡಲಿಲ್ಲ. ಆಮೇಲೆ ಮನೆಯ ಬೀಗದಕೈಗೆ ದಾರ ಕಟ್ಟಿ ಅವನ ಕೊರಳಿಗೆ ಹಾಕಿದವಳು ಅವಳೇ. "ಸ್ಕೂಲ್ ಮಕ್ಕಳ ಹಾಗೆ" ಎಂದು ಅವನು ಅದಕ್ಕೂ ನಕ್ಕಿದ್ದ.

ಅಧ್ಯಯನದ ವಿಷಯ ತಂದವಳು ಮಗಳು. ವಯಸ್ಸಾದವರು ಹೊಸದಾಗಿ ವಾದ್ಯ ಕಲಿತರೆ ಮೆದುಳು ಚುರುಕಾಗುತ್ತದೆಯೇ ಎಂದು ವಿಶ್ವವಿದ್ಯಾಲಯದವರು ನೋಡುತ್ತಿದ್ದಾರೆ, ಗಂಡ ಹೆಂಡತಿ ಇಬ್ಬರೂ ಸೇರಬಹುದು ಎಂದಳು. ಮೊದಲ ದಿನ ಸಂಶೋಧನೆಯ ಹುಡುಗಿ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು. "ಕಣ್ಣು ಓದಬೇಕು, ಬೆರಳು ಒತ್ತಬೇಕು, ಸರಿಬಂತಾ ಅಂತ ಕಿವಿ ನೋಡಬೇಕು, ಅಷ್ಟರಲ್ಲಿ ಮುಂದಿನ ಸ್ವರ ತಲೇಲಿ ಸಿದ್ಧ ಇರಬೇಕು. ಎಲ್ಲಾ ಒಟ್ಟೊಟ್ಟಿಗೆ. ಮೆದುಳಿಗೆ ಇದಕ್ಕಿಂತ ಒಳ್ಳೆ ವ್ಯಾಯಾಮ ಇಲ್ಲ ಅಂತ ನಮ್ಮ ಅಂದಾಜು. ಅದು ನಿಜಾನಾ ಅಂತ ನೋಡೋದಕ್ಕೇ ನೀವೆಲ್ಲ ಬಂದಿರೋದು." ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಬೆರಳುಗಳು ಆಗಲೇ ಬ್ಯಾಗಿನ ಮೇಲೆ ಆಡತೊಡಗಿದ್ದವು. ಅರವತ್ತಾರರಲ್ಲಿ ಎದೆ ಹಾಗೆ ಹೊಡೆದುಕೊಳ್ಳುತ್ತದೆ ಎಂದು ಅವಳು ಎಣಿಸಿರಲಿಲ್ಲ. ಆಮೇಲೆ ಕಂಪ್ಯೂಟರು ಚೀಟಿ ಎತ್ತುವ ಹಾಗೆ ಜನರನ್ನು ಎರಡು ಪಾಲು ಮಾಡಿತು. "ಅಂಕಲ್ ಸಂಗೀತಕ್ಕೆ. ಆಂಟಿ, ನೀವು ಇನ್ನೊಂದು ಗುಂಪು." ಇನ್ನೊಂದು ಗುಂಪಿಗೆ ಆರೋಗ್ಯದ ಮೇಲೆ ಭಾಷಣ, ಚಹಾ, ಬಿಸ್ಕತ್ತು. ಮತ್ತೆ ಸಂಗೀತದವರಿಗೆ ಮಾಡುವ ಅವವೇ ಪರೀಕ್ಷೆಗಳು: ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಓದಿದ ಪದಗಳನ್ನು ಸ್ವಲ್ಪ ಹೊತ್ತು ಬಿಟ್ಟು ನೆನಪಿಸಿಕೊಳ್ಳುವುದು. "ನಮಗೆ ಯಾವಾಗ ಕಲಿಸ್ತೀರಿ?" ಎಂದು ಕೇಳಿದ್ದಳು. "ಅದು ಈ ಅಧ್ಯಯನದಲ್ಲಿ ಇಲ್ಲ ಆಂಟಿ." ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತೇ ಕಾಲಿನ ನರ ಉಬ್ಬಿಸಿಕೊಂಡವಳಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಅರ್ಧ ಜನಕ್ಕೆ ಮಾತ್ರೆ ಕೊಡುತ್ತಾರೆ, ಉಳಿದರ್ಧ ಜನಕ್ಕೆ ಅದೇ ಬಣ್ಣದ ಸಕ್ಕರೆ ಗುಳಿಗೆ. ಒಬ್ಬರು ಎಷ್ಟು ಏರಿದರು ಎಂದು ತಿಳಿಯಲು ಇನ್ನೊಬ್ಬರು ಇದ್ದಲ್ಲೇ ಇರಬೇಕು. ಆ ಕೆಲಸವನ್ನು ಮದುವೆಯಾದಾಗಿನಿಂದ ಮಾಡಿಕೊಂಡೇ ಬಂದಿದ್ದಳಲ್ಲ, ಈಗ ಅದಕ್ಕೊಂದು ವಿಶ್ವವಿದ್ಯಾಲಯವೂ ಸಿಕ್ಕಿತು.

ಫೋನು ಹೊಡೆದುಕೊಂಡಿತು. ಮಗಳು.

"ಅಪ್ಪ ಪ್ರಾಕ್ಟೀಸ್ ಮಾಡ್ತಿದಾರಾ?"

"ಕೇಳ್ತಿಲ್ವಾ?"

"ವಾವ್! ಎಡಗೈನೂ ಸೇರಿಸ್ತಿದಾರಾ? ಅಮ್ಮಾ, ಅವರನ್ನ ಒಂಚೂರು ಹೊಗಳ್ತಾ ಇರು. ನೀನು ಮುಖ ಗಂಟು ಹಾಕ್ಕೊಂಡಿದ್ರೆ ಅವರಿಗೆ ಉತ್ಸಾಹ ಇಳಿದುಹೋಗುತ್ತೆ."

"ನನ್ನ ಮುಖ ನಿನಗೆ ಫೋನಲ್ಲೂ ಕಾಣುತ್ತಾ?"

"ನೋಡು, ಶುರು ಮಾಡ್ದೆ" ಎಂದಳು ಮಗಳು. "ಇವತ್ತು ಕ್ಲಾಸಿದೆ, ಮರೀಬೇಡಿ."

ಮರೀಬೇಡಿ ಅಂತೆ. ಮರೆಯುವುದು ಯಾರಿಗೆ ಸಾಧ್ಯ, ಯಾರಿಗೆ ಇಲ್ಲ ಎಂಬುದೇ ಈ ಮನೆಯ ಜಗಳ, ಅದು ಮಗಳಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಅವನಿಗೆ ಕಿಟಕಿ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತಾಗ ಅವನ ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ಪಾಠ ಒಪ್ಪಿಸುತ್ತಿದ್ದವು. ಕೆನ್ನೆ ತುಂಬಿಕೊಂಡು ಎಳೆಯನಾದ ಹಾಗೆ ಕಾಣುತ್ತಿದ್ದ. ಅದು ಅವಳಿಗೆ ಸಹಿಸಲಾಗದ ಇನ್ನೊಂದು ಸಂಗತಿ. ಅವಳ ಮನಸ್ಸು ಮತ್ತೆ ಆ ಹಳೆಯ ಸಂಜೆಗೇ ಹೋಯಿತು: ಮದುವೆಯಾದ ಶುರುವಿನ ದಿನಗಳು, ಮೇಲಂತಸ್ತಿನ ಎರಡು ಕೋಣೆಗಳಿಗೆ ಬಾಡಿಗೆಗೆ ಬಂದ ಹೊಸತು. ಸಾಮಾನು ಇನ್ನೂ ಬಿಚ್ಚಿರಲಿಲ್ಲ, ಬಂದವರೆಲ್ಲ ಪೆಟ್ಟಿಗೆಗಳ ಮೇಲೆಯೇ ಕೂತಿದ್ದರು. ಅವನ ಗೆಳೆಯರು, ಗೆಳೆಯರ ಹೆಂಡತಿಯರು. ಯಾರೋ ಒಬ್ಬಾಕೆ "ನೀವು ಹಾಡ್ತೀರಂತೆ" ಎಂದಳು. ಅವಳು ಹಾಡುತ್ತಿದ್ದಳು, ಹೌದು. ಯಾರೂ ಕಲಿಸಿರಲಿಲ್ಲ, ಆದರೂ ಮಾತ್ರೆ ಎಣಿಸುವಾಗ, ಸೀಸೆ ಒರೆಸುವಾಗ ಬಾಯಲ್ಲಿ ಏನೋ ಒಂದು ಇದ್ದೇ ಇರುತ್ತಿತ್ತು. ಕಲಿಯಬೇಕು, ಸಂಜೆಯ ಹೊತ್ತು ಯಾರಲ್ಲಾದರೂ ಹೋಗಿ ಸರಿಯಾಗಿ ಕಲಿಯಬೇಕು ಎಂದು ಅವನ ಮುಂದೆ ಎರಡು ಮೂರು ಸಲ ಬಾಯಿಬಿಟ್ಟು ಆಡಿದ್ದಳು ಕೂಡ. ಆ ಸಂಜೆ ಗೋಡೆಗೆ ಒರಗಿ ನಿಂತು ಶುರುಮಾಡಿದಳು. ಚೆನ್ನಾಗಿಯೇ ಹೋಗುತ್ತಿತ್ತು. ಮೇಲೆ ಏರುವ ಜಾಗದಲ್ಲಿ ಗಂಟಲು ಒಡೆಯಿತು, ಮತ್ತೊಮ್ಮೆ ಏರಲು ಹೋದಳು, ಮತ್ತೂ ಒಡೆಯಿತು. ಆಗ ಅವನು ಪೆಟ್ಟಿಗೆಯ ಮೇಲಿಂದ ಡ್ರೈವಿಂಗ್ ಸ್ಕೂಲಿನ ದನಿ ತೆಗೆದು ಕೂಗಿದ. "ಫಸ್ಟ್ ಗೇರ್! ಫಸ್ಟ್ ಗೇರ್ ಹಾಕೇ, ಗಾಡಿ ದಿಬ್ಬ ಹತ್ತುತಾ ಇಲ್ಲ!" ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು. ಅದೇ ಅವಳಿಗೆ ಇವತ್ತಿಗೂ ಅರಗದ್ದು, ತಾನೂ ನಕ್ಕದ್ದು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೈ ಕುಲುಕಿಸಿಕೊಂಡು, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕದ್ದು. ಆಮೇಲೆ ವರ್ಷಗಟ್ಟಲೆ ಆ ಗೆಳೆಯರು ಎದುರಾದರೆ "ಏನಮ್ಮಾ, ಯಾವ ಗೇರು?" ಎನ್ನುತ್ತಿದ್ದರು. ಕಲಿಯುವ ಮಾತನ್ನು ಅವಳು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಅವನೂ ಕೇಳಲಿಲ್ಲ. ಆ ಗೆಳೆಯರಲ್ಲಿ ಈಗ ಒಬ್ಬರೂ ಉಳಿದಿಲ್ಲ. ಆ ಮಾತು ಇರುವುದು ಎರಡೇ ತಲೆಗಳಲ್ಲಿ, ಅದರಲ್ಲಿ ಒಂದು ಸೋರುತ್ತಿದೆ. ಅದು ಪೂರ್ತಿ ಬರಿದಾಗುವ ಮೊದಲು ಕೇಳಿಬಿಡಬೇಕು. ಯಾರನ್ನು ಕೇಳಬೇಕೋ ಅವನೇ ಅಳಿಸಿಹೋದ ಮೇಲೆ ಇಷ್ಟು ವರ್ಷದ ಸಿಟ್ಟನ್ನು ಎಲ್ಲಿಗೆ ಒಯ್ದು ಹಾಕುವುದು? ಹಾಗಾಗಿ ಅವನ ಮೆದುಳು ಚುರುಕಾಗಲಿ ಎಂದು ಅವಳಷ್ಟು ಬಯಸುವವರು ಆ ಸಂಶೋಧನೆಯವರಲ್ಲೂ ಇರಲಿಲ್ಲ. ಅದು ಹೆಂಡತಿಯ ಹಾರೈಕೆಯಂತೂ ಆಗಿರಲಿಲ್ಲ. "ಇಳಿಯೋಣ್ವಾ ಕಾಂಪೌಂಡರ್?" ಎಂದ ಗಂಡ. ಅವನು ಅವಳನ್ನು ಯಾವಾಗಲೂ ಕರೆಯುವುದೇ ಹಾಗೆ. ನಿಲ್ದಾಣ ಅವನಿಗೇ ಮೊದಲು ಗೊತ್ತಾಗಿತ್ತು.

ಇನ್ನೊಂದು ಗುಂಪಿನ ಕೋಣೆಯಲ್ಲಿ ಇವತ್ತು ಉಪ್ಪಿನ ಮೇಲೆ ಭಾಷಣ. ಪರದೆಯ ಮೇಲೆ ಒಂದು ಉಪ್ಪಿನ ಡಬ್ಬಿಯ ಚಿತ್ರ. ಭಾಷಣಕ್ಕೆ ಬಂದಾಕೆ ಒಳ್ಳೆಯವಳೇ. ಕಿವಿ ಕೇಳದ ಹಿರಿಯರಿಗಾಗಿ ಒಂದೊಂದು ಮಾತನ್ನೂ ಎಳೆದು ಎಳೆದು ಹೇಳುತ್ತಿದ್ದಳು. ಪಕ್ಕದಲ್ಲಿದ್ದ ನಿವೃತ್ತ ಸರ್ವೇಯರು ಗಲ್ಲ ಎದೆಗೆ ತಗುಲಿಸಿ ನಿದ್ದೆ ಹೋಗಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಿದ್ದರು. "ಉಪ್ಪು ಜಾಸ್ತಿ ಆದ್ರೆ ಏನಾಗುತ್ತೆ? ಯಾರು ಹೇಳ್ತೀರಿ?" ಎಂದಾಗ ಎಲ್ಲರೂ ಶಾಲೆಯ ಮಕ್ಕಳಂತೆ "ಬೀಪೀ" ಎಂದರು. ರಕ್ತದೊತ್ತಡದ ಮಾತ್ರೆಗಳನ್ನು ಮೂಟೆಗಟ್ಟಲೆ ಮಾರಿದ ಅವಳ ತುಟಿಗಳೂ ತಮ್ಮಷ್ಟಕ್ಕೆ ತಾವೇ "ಬೀಪೀ" ಎಂದವು. ಗೋಡೆಯಾಚೆ ಸಂಗೀತದ ಟೀಚರು ಕೈತಟ್ಟಿ ತಾಳ ಹಾಕುತ್ತಿದ್ದಳು, ಹತ್ತಾರು ಕೀಬೋರ್ಡುಗಳು ಒಂದರ ಹಿಂದೆ ಒಂದು ಮುಗ್ಗರಿಸಿಕೊಂಡು ಏರುತ್ತಿದ್ದವು. ಸ್ವರ ಒಂದೊಂದೂ ಒಂದೊಂದು ಕಡೆ. ಆದರೂ ಅದೆಲ್ಲ ಸೇರಿ ಮೇಲಕ್ಕೆ ಹೋಗುತ್ತಿತ್ತು. ಒಬ್ಬರೂ ನಗುತ್ತಿರಲಿಲ್ಲ. ತಪ್ಪಿದರೆ ಟೀಚರು ನಿಲ್ಲಿಸಿ "ಪರವಾಗಿಲ್ಲ, ಮತ್ತೆ" ಎನ್ನುತ್ತಿದ್ದಳು, ಅಷ್ಟೆ. ಪರವಾಗಿಲ್ಲ, ಮತ್ತೆ. ಇಷ್ಟು ಸಣ್ಣ ಮಾತು. ಇಷ್ಟು ಸಣ್ಣ ಮಾತು ಯಾರಾದರೂ ಒಬ್ಬರು ಆ ಪೆಟ್ಟಿಗೆಗಳ ನಡುವೆ ಅಂದಿದ್ದರೆ! ಅವಳ ಕಿವಿಯೊಳಗೆ ಏನೋ ಗುಂಯ್‌ಗುಟ್ಟಿತು. ತಾನು ಎದ್ದು ನಿಂತಿರುವುದು ಅವಳಿಗೆ ಗೊತ್ತಾದದ್ದು, ಭಾಷಣದಾಕೆ "ಬಾತ್‌ರೂಮಾ ಅಮ್ಮಾ? ಎಡಗಡೆ" ಎಂದಾಗ.

ಅವಳು ಬಲಗಡೆ ತಿರುಗಿದಳು. ಸಂಗೀತದ ಕೋಣೆಯ ಬಾಗಿಲು ತಳ್ಳಿದಳು, ಅದು ಗೋಡೆಗೆ ಬಡಿಯಿತು. ಎಲ್ಲ ತಲೆಗಳೂ ಎದ್ದವು. ಕೊನೆಯ ಸಾಲಿನಲ್ಲಿ ಇವತ್ತು ಬರದವರ ಕೀಬೋರ್ಡೊಂದು ಖಾಲಿ ಇತ್ತು. ಹೋಗಿ ಅದರ ಮುಂದೆ ಕೂತುಬಿಟ್ಟಳು.

"ಬಾ ಬಾ ಕಾಂಪೌಂಡರ್!" ಎಂದು ಗಂಡ ಮುಂದಿನ ಸಾಲಿನಿಂದ ಕೈ ಬೀಸಿದ, ಮದುವೆಮನೆಯಲ್ಲಿ ಪಂಕ್ತಿಗೆ ಕರೆಯುವವನ ಹಾಗೆ.

ಟೀಚರು ದಪ್ಪ ಗಡಿಯಾರ ಕಟ್ಟಿದ ಕೈಯನ್ನು ತಾಳದ ನಡುವೆಯೇ ನಿಲ್ಲಿಸಿದಳು. "ನೀವು ಆ ಕಡೆಯವರಲ್ವಾ?"

"ಆಗಿದ್ದೆ."

ಮೂಲೆಯಲ್ಲಿದ್ದ ಸಂಶೋಧನೆಯ ಹುಡುಗಿ ಓಡಿಬಂದಳು. ಸಿಟ್ಟಿಗಿಂತ ಗಾಬರಿಯೇ ಹೆಚ್ಚು. "ಆಂಟಿ, ಪ್ಲೀಸ್. ನೀವಿಲ್ಲಿ ಕೂತ್ರೆ ನಮ್ಮ ಲೆಕ್ಕ ಎಲ್ಲಾ ಕೆಟ್ಟುಹೋಗುತ್ತೆ."

"ಕೆಡಲಿ."

"ಹಾಗಲ್ಲ ಆಂಟಿ. ನೀವು ಒಪ್ಕೊಂಡು ಸೇರಿದೀರಿ. ನೀವೂ ಅಷ್ಟೇ ಮುಖ್ಯ ನಮಗೆ."

"ಯಾತಕ್ಕೆ ಮುಖ್ಯ? ನಾನು ಹಾಗೇ ಇರೋದಕ್ಕೆ ತಾನೇ? ನೀನೇ ಹೇಳ್ದೆಯಲ್ಲ ಮಗಾ, ನಿಮಗೆ ಬೇಕಾಗಿರೋದೇ ಅದು ಅಂತ. ಇವರ ಕಾರು ಎಷ್ಟು ಮುಂದೆ ಹೋಯ್ತು ಅಂತ ನೋಡೋಕೆ ನಾನು ರಸ್ತೆ ಪಕ್ಕ ನೆಟ್ಟ ಕಲ್ಲು. ಸಕ್ಕರೆ ಗುಳಿಗೆ ಕೊಟ್ಟು ಕೂರಿಸಿದೀರಿ, ಉಪ್ಪು ತಿನ್ನಬೇಡಿ ಅಂತ ಪಾಠ ಬೇರೆ!" ದನಿ ಏರಿದ್ದು ಅವಳಿಗೇ ಕೇಳಿಸಿತು. ಏರುವಲ್ಲಿ ಒಡೆಯಲಿಲ್ಲ. ಯಾರೋ ಮುದುಕ ಕಿಸಕ್ಕೆಂದ. ಅವಳು ತಿರುಗಿ ನೋಡಿದಳು. ಆ ಮುದುಕ ತಲೆ ತಗ್ಗಿಸಿ ತನ್ನ ಕೀಬೋರ್ಡಿನ ಧೂಳು ಒರೆಸತೊಡಗಿದ.

ಹುಡುಗಿಯ ಕಣ್ಣಲ್ಲಿ ನೀರಾಡಿತು. ಪಾಪ, ಅವಳದೇನು ತಪ್ಪು, ಅವಳೂ ಯಾರಿಗೋ ಲೆಕ್ಕ ಒಪ್ಪಿಸಬೇಕಾದವಳು. ಹಾಗೆಂದು ಅನಿಸಿತು, ಅನಿಸಿದ್ದಕ್ಕೆ ಇನ್ನಷ್ಟು ರೇಗಿತು. "ನಿಮ್ಮನ್ನ ತೆಗೀಬೇಕಾಗುತ್ತೆ ಆಂಟಿ" ಎಂದಳು ಹುಡುಗಿ ಮೆಲ್ಲಗೆ. "ಅಂಕಲ್ ಇರ್ತಾರೆ. ನೀವು ಮಾತ್ರ..."

"ತೆಗಿ. ಇವತ್ತೊಂದು ದಿನ ಕೂತ್ಕೋತೀನಿ."

ಟೀಚರು ಹುಡುಗಿಯನ್ನು ನೋಡಿದಳು, ಗಡಿಯಾರ ನೋಡಿದಳು, "ಹೆಬ್ಬೆರಳು ನಡುವಿನ ಬಿಳಿ ಮನೆ ಮೇಲೆ. ಒಂದು, ಎರಡು" ಎಂದು ಶುರುಮಾಡಿಯೇ ಬಿಟ್ಟಳು. ಅವಳು ಹೆಬ್ಬೆರಳಿಟ್ಟಳು. ಅಷ್ಟು ವರ್ಷ ಒಳಗೊಳಗೇ ಹಾಡಿಕೊಂಡದ್ದೆಲ್ಲ ಬೆರಳ ತುದಿಗೆ ಬಂದು ನಿಂತಿದೆ, ಒತ್ತಿದರೆ ಸಾಕು ಸುರಿಯುತ್ತದೆ ಎಂದು ಅವಳಿಗೆ ಗಟ್ಟಿಯಾಗಿ ಅನಿಸಿತ್ತು. ಏನೂ ಸುರಿಯಲಿಲ್ಲ. ನಾಲ್ಕನೆಯ ಬೆರಳು ಏಳೆಂದರೆ ಐದನೆಯದು ಎದ್ದಿತು, ಎರಡು ಬೆರಳು ಒಟ್ಟಿಗೆ ಬಿದ್ದು ಹಾರ್ನಿನಂತೆ ಕೂಗಿದವು. ಎಲ್ಲರೂ ಏರಿ ಇಳಿದು ಬರುವಾಗ ಅವಳು ಇನ್ನೂ ಮೂರನೆಯದನ್ನೇ ಹುಡುಕುತ್ತಿದ್ದಳು. ಕಿವಿಗೆ ಎಲ್ಲ ಗೊತ್ತು, ಬೆರಳಿಗೆ ಏನೂ ಗೊತ್ತಿಲ್ಲ. ಗಂಡ ಕುರ್ಚಿ ತಿರುಗಿಸಿಕೊಂಡು "ಮಣಿಕಟ್ಟು ಸಡಿಲ ಬಿಡು, ಮುಂದೆ ನೋಡು, ಬೆರಳು ನೋಡಬೇಡ" ಎಂದು ಅದೇ ಪಕ್ಕದ ಸೀಟಿನ ದನಿಯಲ್ಲಿ ಹೇಳಿಕೊಡತೊಡಗಿದ. ಅವನು ಹೇಳುತ್ತಿದ್ದುದು ಸರಿಯಾಗಿಯೇ ಇತ್ತು. ಅದಕ್ಕೇ ಅವಳಿಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು.

ಕ್ಲಾಸು ಮುಗಿದು ಬಸ್ ನಿಲ್ದಾಣದ ಬೆಂಚಿಗೆ ಬಂದು ಕೂತರು. ಬಸ್ಸಿನ ಸುಳಿವಿಲ್ಲ. ಅವನು ಖುಷಿಯಲ್ಲಿದ್ದ. "ಏನ್ ಧೈರ್ಯ ನಿಂದು! ಆ ಹುಡುಗಿ ಮುಖ ನೋಡಬೇಕಿತ್ತು" ಎಂದು ತೊಡೆ ತಟ್ಟಿಕೊಂಡ. "ಮೊದಲೇ ಕಲೀಬಹುದಿತ್ತಲ್ವಾ ನೀನು? ಯಾಕೆ ಕಲೀಲಿಲ್ಲ?"

ಇಷ್ಟು ವರ್ಷ ಕಾದಿದ್ದ ಪ್ರಶ್ನೆ ರಸ್ತೆಯ ಹೊಗೆಯ ನಡುವೆ, ಬಸ್ ಯಾವಾಗ ಬರುತ್ತೆ ಎನ್ನುವಷ್ಟು ಹಗುರವಾಗಿ ಬಂದಿತ್ತು. ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಹೇಳಿದಳು. ಮೇಲಂತಸ್ತಿನ ಕೋಣೆ, ಪೆಟ್ಟಿಗೆಗಳು, ಯಾರು ಯಾರು ಎಲ್ಲಿ ಕೂತಿದ್ದರು, ಗೋಡೆಗೆ ಒರಗಿ ತಾನು ನಿಂತದ್ದು, ಗಂಟಲು ಒಡೆದದ್ದು, ಒಂದನ್ನೂ ಬಿಡದೆ ಹೇಳಿದಳು. ಬದುಕಿನಲ್ಲಿ ಒಮ್ಮೆಯೂ ಅವನನ್ನು 'ನೀವು' ಎನ್ನದೆ ಮಾತಾಡಿಸಿದವಳಲ್ಲ. ಹೇಳುತ್ತ ಹೇಳುತ್ತ ಅದು ಎಲ್ಲಿ ಜಾರಿತೋ ತಿಳಿಯಲಿಲ್ಲ. "ಆಗ ನೀನು ಕೂಗ್ದೆ. ಎಲ್ಲರ ಮುಂದೆ. 'ಫಸ್ಟ್ ಗೇರ್ ಹಾಕೇ, ಗಾಡಿ ದಿಬ್ಬ ಹತ್ತುತಾ ಇಲ್ಲ' ಅಂದೆ. ನೀನು!"

ಅವನು ಗಮನವಿಟ್ಟು ಕೇಳುತ್ತಿದ್ದ. ಹುಬ್ಬು ಗಂಟಿಕ್ಕಿಕೊಂಡು, ತಲೆಯೊಳಗಿನ ಓಣಿ ಓಣಿ ಹೊಕ್ಕು ಹುಡುಕುವವನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ. ನೆನಪಾಗುತ್ತಿದೆ, ಈಗ ನೆನಪಾಗುತ್ತದೆ ಎಂದು ಅವಳು ಉಸಿರು ಬಿಗಿಹಿಡಿದಳು. ಅವನ ತುಟಿ ಅದುರಿತು. ಆಮೇಲೆ ಹೊಟ್ಟೆ ಕುಲುಕಿತು. "ಫಸ್ಟ್ ಗೇರ್!" ಎಂದ. "ಗಾಡಿ ದಿಬ್ಬ..." ಮುಂದಿನದನ್ನು ಹೇಳಲಾಗದೆ ಬೆಂಚಿನ ಮೇಲೆ ಬಾಗಿ ನಗತೊಡಗಿದ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನೆನಪಾಗಿ ಬಂದ ನಗುವಲ್ಲ ಅದು. ಒಳ್ಳೆಯ ಹೊಸ ತಮಾಷೆಯೊಂದನ್ನು ಮೊದಲ ಸಲ ಕೇಳಿದವನ ನಗು. "ನಾನಾ ಅಂದಿದ್ದು? ಚೆನ್ನಾಗಿ ಅಂದಿದೀನಿ!"

ನಿಲ್ದಾಣದಲ್ಲಿದ್ದ ಇಬ್ಬರು ಹೆಂಗಸರು, ಮುದುಕನ ನಗೆ ಅಂಟಿ, ತಾವೂ ಮುಸಿಮುಸಿ ನಕ್ಕರು. ಅವಳು ಈ ಸಲ ನಗಲಿಲ್ಲ. ಎದ್ದಳು. ಬ್ಯಾಗು ಹೆಗಲಿಗೇರಿಸಿ ಬಂದ ದಾರಿಯಲ್ಲೇ ತಿರುಗಿ ನಡೆದಳು. ಹಿಂದಿನಿಂದ "ಕಾಂಪೌಂಡರ್, ಬಸ್ಸು!" ಎಂಬ ಕೂಗು ಕೇಳಿಸಿತು. ಕತ್ತು ತಿರುಗಿಸಲಿಲ್ಲ. ದಾರಿ ಮರೆಯುವ ಗಂಡಸನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗುತ್ತಿದ್ದೇನೆ ಎಂದು ಒಂದು ದನಿ ಹೇಳಿತು. ಹೋಗಲಿ, ಕಳೆದುಹೋಗಲಿ, ನನ್ನನ್ನು ಕಳೆದುಹಾಕಿದವನು ಒಂದು ಗಳಿಗೆ ತಾನೂ ಕಳೆದುಹೋಗಲಿ ಎಂದು ಇನ್ನೊಂದು ದನಿ ಹೇಳಿತು. ಅದನ್ನು ಕೇಳಿ ಅವಳಿಗೆ ಭಯವಾಯಿತು. ಆದರೂ ಕಾಲು ನಿಲ್ಲಲಿಲ್ಲ. ಚಪ್ಪಲಿ ಅಂಗಡಿ, ಕಬ್ಬಿಣದ ಶಟರುಗಳ ಸಾಲು ದಾಟಿದಳು. ಕನ್ನಡಕದ ಅಂಗಡಿಯ ಗಾಜಿನಲ್ಲಿ ದವಡೆ ಬಿಗಿದ ಒಬ್ಬ ಮುದುಕಿ ಎದುರಿಗೆ ಬಂದಳು. ಕ್ಲಾಸಿನ ಕಟ್ಟಡದ ಗೇಟಿನಲ್ಲಿ ಸಂಗೀತದ ಟೀಚರು ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದಳು.

"ಮನೇಲಿ ಪಾಠ ಹೇಳ್ತೀರಾ?"

"ಹೇಳ್ತೀನಿ. ಅಂಕಲ್‌ಗಾ? ಅವರಿಗೆ ಇಲ್ಲೇ ಸಾಕಾಗುತ್ತೆ."

"ನನಗೆ."

ಟೀಚರು ಅವಳನ್ನು ಒಮ್ಮೆ ಅಳೆದಳು. "ನೆನಪಿನ ತೊಂದರೆ ಏನಾದ್ರೂ...?"

"ಎಲ್ಲಾ ನೆನಪಿದೆ. ಅದೇ ತೊಂದರೆ. ಮೆದುಳಿನ ಸುದ್ದಿ ಬೇಡ ನಂಗೆ, ಹಾಡು ಕಲಿಸಿ."

"ಬೆರಳು ಬಿಗಿ ಇದೆ ನಿಮ್ಮದು. ತುಂಬಾ ಟೈಮ್ ಹಿಡಿಯುತ್ತೆ" ಎಂದಳು ಟೀಚರು, ಮುಲಾಜಿಲ್ಲದೆ. "ಗುರುವಾರ ಬನ್ನಿ."

ತಿರುಗಿ ಬಂದಾಗ ಬೆಂಚು ಖಾಲಿಯಾಗಿತ್ತು. ಅಲ್ಲಿದ್ದ ಹಣ್ಣಿನವಳನ್ನು ಕೇಳಿದರೆ "ಯಾವುದೋ ಬಸ್ ಹತ್ತಿದ್ರು" ಎಂದಳು. ಯಾವುದೋ! ಅವಳು ಮುಂದಿನ ನಿಲ್ದಾಣದವರೆಗೆ ಓಡಿದಳು, ಓಡಿದಳೆಂದರೆ ಉಬ್ಬಿದ ನರದ ಕಾಲು ಎಳೆದುಕೊಂಡು ಹೋದಳು. ವೃತ್ತದ ಅಂಚಿನಲ್ಲಿ ನಿಂತಿರುವ ಪ್ರತಿಯೊಬ್ಬ ಮುದುಕನೂ ಅವನಂತೆಯೇ ಕಂಡ. ಮಗಳಿಗೆ ಏನೆಂದು ಹೇಳುವುದು? ತಮಾಷೆಗೆ ನಕ್ಕರೆಂದು ನಿಮ್ಮಪ್ಪನನ್ನು ರಸ್ತೆಯಲ್ಲಿ ಬಿಟ್ಟುಬಂದೆ ಎಂದೇ? ಯಾವುದೋ ಕಾಲದ ಒಂದು ಮಾತಿಗೆ? ಬಸ್ಸಿನಲ್ಲಿ ನಿಂತು, ಕಂಬಿ ಹಿಡಿದು, ಅತ್ತಿತ್ತ ಎರಡೂ ಕಿಟಕಿಗಳಲ್ಲಿ ಅವನನ್ನು ಹುಡುಕುತ್ತ ಮನೆಗೆ ಬಂದಳು. ಬೇಡಿಕೊಳ್ಳುತ್ತಿದ್ದಳೋ ಬಯ್ಯುತ್ತಿದ್ದಳೋ, ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು.

ಮೆಟ್ಟಿಲು ಹತ್ತುವಾಗಲೇ ಕೀಬೋರ್ಡು ಕೇಳಿಸಿತು. ಬಾಗಿಲು ತೆರೆದಿತ್ತು. ಅವನು ಬನಿಯನ್ನಿನಲ್ಲಿ ಕೂತು, ಕೊರಳಿನ ದಾರದ ಬೀಗದಕೈಯನ್ನು ಬೆನ್ನ ಹಿಂದಕ್ಕೆ ಹಾಕಿಕೊಂಡು, ಎಡಗೈ ಪಾಠ ನುಡಿಸುತ್ತಿದ್ದ. ಅವಳನ್ನು ಕಂಡು ಅವನ ಮುಖದಲ್ಲಿ ನಿಜವಾದ ಕಾಳಜಿ ಮೂಡಿತು. "ಎಲ್ಲಿಗೆ ಹೋಗಿಬಿಟ್ಟೆ? ನಾನು ಸರಿಯಾಗಿ ಇಳಿದು ಬಂದೆ ನೋಡು. ದಾರಿ ತಪ್ಪಿತಾ ನಿಂಗೆ?"

ಅವನು ಸುರಕ್ಷಿತ. ಆ ಸಮಾಧಾನಕ್ಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೆಂಚು ಅವನಿಗೆ ನೆನಪಿತ್ತೋ ಇಲ್ಲವೋ, ಆ ಮುಖದಲ್ಲಿ ಅದರ ಒಂದು ಗೆರೆಯೂ ಇರಲಿಲ್ಲ. ಇನ್ನು ಎಂದೂ ಇರುವುದಿಲ್ಲ. ಕ್ಷಮೆ ಕೇಳಬೇಕಾದವನು ಆ ಕುರ್ಚಿಯ ಮೇಲೆ ಕೂತಿರಲಿಲ್ಲ. ಸಮಾಧಾನ ಇಳಿದ ಜಾಗದಲ್ಲಿ ಸಿಟ್ಟು ಹಾಗೇ ಇತ್ತು, ಬಿಸಿ ಆರದೆ.

"ಏಳು ಅಲ್ಲಿಂದ" ಎಂದಳು.

"ಇನ್ನೂ ನನ್ನ ಪಾಠ..."

"ಏಳು."

ಅವನು ಎದ್ದ. ಅವಳು ಬ್ಯಾಗನ್ನೂ ಇಳಿಸದೆ ಕೂತು ಹೆಬ್ಬೆರಳನ್ನು ಬಿಳಿ ಮನೆಯ ಮೇಲಿಟ್ಟಳು. ಒಂದು, ಎರಡು. ಮೂರನೆಯದು ತಪ್ಪಿತು. ಮತ್ತೆ ಶುರುಮಾಡಿದಳು, ನಾಲ್ಕು ಮತ್ತು ಐದು ಒಟ್ಟಿಗೆ ಬಿದ್ದು ಕೂಗಿದವು. ಪಕ್ಕದಲ್ಲಿ ಅವನು ಉಸಿರು ಎಳೆದುಕೊಂಡು ಬಾಯಿ ತೆರೆದದ್ದು ಕಣ್ಣಂಚಿನಲ್ಲಿ ಕಂಡಿತು. ಮುಖ ಎತ್ತಿ ಅವನನ್ನು ನೋಡಿದಳು.

ಅವನು ಬಾಯಿ ಮುಚ್ಚಿದ.

ಅವಳು ಮೊದಲಿನಿಂದ ನುಡಿಸಿದಳು, ತಪ್ಪಾಗಿ, ಜೋರಾಗಿ.